ಆಯ್ಕೆಯಾಗದ ಹಲಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ನನ್ನ ಮೊಬೈಲಿಗೆ ಒಂದೇ ಸಾಲಿನ ಪತ್ರ ಬಂತು. ಕಲಾ ಪ್ರದರ್ಶನಕ್ಕೆ ನಾನು ಕಳುಹಿಸಿದ ಕೃತಿ ಆಯ್ಕೆಯಾಗಿಲ್ಲ ಎಂದು ತಿಳಿಸುವ ಪತ್ರ. ಆಗ ನಾನು ಎಂಟನೆಯ ತರಗತಿಯ ಮಕ್ಕಳಿಗೆ ಹೂಜಿಯ ಮೇಲೆ ನೆರಳು ಎಲ್ಲಿ ಬೀಳುತ್ತದೆ ಎಂದು ತೋರಿಸುತ್ತಿದ್ದೆ. ಪಾಠ ಮುಗಿಸಿದೆ. ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯ ಮನೆಗೆ ಬಂದು ಹಿಂದಿನ ಕೋಣೆಗೆ ಚಿಲಕ ಹಾಕಿದೆ. ಹತ್ತೊಂಬತ್ತು ದಿನ ಅದನ್ನು ತೆಗೆಯಲಿಲ್ಲ.

ಆ ಕೋಣೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲದ ಒಂದು ಪ್ಲೈವುಡ್ ಹಲಗೆ ಇತ್ತು. ಅದರ ಮೇಲೆ ನನ್ನ ಎಂಟು ತಿಂಗಳು ಕುಳಿತಿದ್ದವು. ಗದಗನ್ನು ಮುದ್ರಣ ಕಾಶಿ ಎಂದು ಕರೆಯುವುದು ನಿಮಗೆ ಗೊತ್ತು. ಮುದ್ರಣಾಲಯಗಳಲ್ಲಿ ಮಸಿ ಹದಕ್ಕೆ ಬರುವವರೆಗೆ ಮೊದಲ ಹಾಳೆಗಳು ಕೆಡುತ್ತವೆ. ಒಂದು ಮದುವೆಯ ಕಾರ್ಡಿನ ಮೇಲೆ ಇನ್ನೊಂದು ಮದುವೆ, ಅದರ ಮೇಲೆ ಜಾತ್ರೆಯ ಕರಪತ್ರ, ಹೀಗೆ ಒಂದೇ ಹಾಳೆಯ ಮೇಲೆ ನಾಲ್ಕಾರು ಸಲ ಅಚ್ಚಾಗಿ ಕೊನೆಗೆ ಅದು ರದ್ದಿಗೆ ಹೋಗುತ್ತದೆ. ಆ ಹಾಳೆಗಳನ್ನು ನಾನು ಹಲಗೆಗೆ ಅಂಟಿಸಿದ್ದೆ. ಅವುಗಳ ಮೇಲೆ ನಮ್ಮ ಅಪ್ಪನ ಮಗ್ಗದಲ್ಲಿ ಉಳಿದಿದ್ದ, ಉದ್ದಕ್ಕೆ ಹೂಡುವ ಹಾಸಿನ ನೂಲನ್ನು ಬಿಗಿದಿದ್ದೆ. ಕೆಳಭಾಗಕ್ಕೆ ಹೊಲದ ಎರೆಮಣ್ಣು. ಮಣ್ಣಿನೊಳಗೆ ಅರ್ಧ ಹುಗಿದಂತೆ, ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಅಕ್ಷರ ಜೋಡಿಸುವ ಹಳೆಯ ಸೀಸದ ಅಚ್ಚುಮೊಳೆಗಳು.

ಇದನ್ನು ಮಿಶ್ರ ಮಾಧ್ಯಮ ಎನ್ನುತ್ತಾರೆ. ನಮ್ಮ ಕಡೆ ಚಿತ್ರಕಲೆಗೆ ಒಳ್ಳೆಯ ಬೇರಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ಕಟ್ಟಿ ಬೆಳೆಸಿದವರು. ಆದರೂ ಮಣ್ಣು, ನೂಲು ಅಂಟಿಸಿದ ಹಲಗೆಯನ್ನು ನೋಡಿದರೆ ಬಂಧುಗಳು "ಇದಕ್ಕೆ ಬಣ್ಣ ಯಾವಾಗ ಹಚ್ಚುತ್ತೀ?" ಎಂದು ಕೇಳುತ್ತಾರೆ. ಪಿಕಾಸೊ 1912ರಲ್ಲಿಯೇ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ್ದರು. ನಮ್ಮ ಅಜ್ಜಿಯಂದಿರು ಹರಿದ ಸೀರೆ, ಧೋತರ, ಲಂಗದ ತುಂಡುಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಯಾವ ತುಂಡು ಯಾರ ಸೀರೆಯದು ಎಂದು ಕೌದಿಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು. ನನ್ನ ಹಲಗೆ ಆ ವಂಶದ್ದು.

ಆ ಹತ್ತೊಂಬತ್ತು ದಿನಗಳ ಮಾತಿಗೆ ಬರುತ್ತೇನೆ. ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅದನ್ನೇ. ಅಂಥ ಪತ್ರದಲ್ಲಿ ಕಾರಣ ಬರೆದಿರುವುದಿಲ್ಲ. ಬರೆಯದ ಆ ಜಾಗವನ್ನು ನಾವೇ ತುಂಬಲು ಕೂರುತ್ತೇವೆ. ನಾನು ತುಂಬಿದ್ದು ಹೀಗೆ: ನನಗೆ ಕಲೆ ಒಲಿದಿಲ್ಲ, ನೇಕಾರರ ಮಗಳಿಗೆ ಇದೆಲ್ಲ ಯಾಕೆ ಬೇಕಿತ್ತು, ನಲವತ್ತು ದಾಟಿದ ಮೇಲೆ ಏನು ಕಲಿತೇನು. ತೀರ್ಪುಗಾರರು ಇದರಲ್ಲಿ ಒಂದಕ್ಷರವನ್ನೂ ಹೇಳಿರಲಿಲ್ಲ. ರಾತ್ರಿಯ ನಿದ್ದೆ ಕೆಡಿಸಿದ ಪ್ರತಿಯೊಂದು ಮಾತನ್ನೂ ನಾನೇ ಬರೆದುಕೊಂಡಿದ್ದೆ. ಮೊದಲ ಸಲ ಕೃತಿ ಕಳುಹಿಸಿ ನಿರಾಶರಾದ ಹುಡುಗ ಹುಡುಗಿಯರು ಕೇಳುತ್ತಿದ್ದರೆ ಅವರನ್ನು ಬೇಡಿಕೊಳ್ಳುತ್ತೇನೆ, ಆ ಜಾಗ ಖಾಲಿಯೇ ಇರಲಿ. ದುಃಖವಾದರೆ ದುಃಖಪಡಿ, ಅಳು ಬಂದರೆ ಅಳಿ. ಅವರು ಬರೆಯದ ಕಾರಣವನ್ನು ಮಾತ್ರ ನೀವು ಬರೆಯಬೇಡಿ.

ಇಪ್ಪತ್ತನೆಯ ದಿನ ನೂಲು ಸುತ್ತುವ ಕಂಡಿಕೆಯ ಬುಟ್ಟಿ ಬೇಕಾಗಿ ಅವ್ವ ಆ ಚಿಲಕ ತೆಗೆದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೂಲಿನ ಮೇಲೆ ಕೈಯಾಡಿಸುತ್ತಿದ್ದಳು. "ಇದು ನಿಮ್ಮ ಅಪ್ಪ ಕೊನೆಗೆ ಹೂಡಿದ ಹಾಸು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಣ್ಣು ಎದ್ದಿದೆಯಲ್ಲೇ, ನೋಡಲಿಲ್ಲವೇನು?" ಎಂದಳು.

ನಾನು ನೋಡಿರಲಿಲ್ಲ. ಬಾಗಿ ನೋಡಿದೆ. ಎಡಗಡೆಯ ಮೂಲೆಯಲ್ಲಿ ಎರೆಮಣ್ಣು ಅಂಗೈಯಗಲ ಸೀಳಿ, ಅಂಚುಗಳು ಒಣಗಿದ ರೊಟ್ಟಿಯಂತೆ ಮೇಲಕ್ಕೆ ಮುರುಟಿಕೊಂಡಿದ್ದವು. ಬೆರಳು ತಾಗಿಸಿದರೆ ಚೂರು ಉದುರುತ್ತಿತ್ತು. ಎರೆಹೊಲ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ನೀರು ಕುಡಿದು ಉಬ್ಬುವುದು, ಆರಿದಾಗ ಕುಗ್ಗುವುದು ಅದರ ಗುಣ. ಹಲಗೆಯ ಮೇಲೆ ಕುಳಿತ ಮಾತ್ರಕ್ಕೆ ಗುಣ ಬಿಡುತ್ತದೆಯೇ?

ಅಂದೇ ಮೊಬೈಲಿನಲ್ಲಿ, ಪ್ರವೇಶಕ್ಕಾಗಿ ಕಳುಹಿಸಿದ್ದ ಫೋಟೋ ತೆಗೆದು ನೋಡಿದೆ. ರಾತ್ರಿ, ಎದುರಿಗೆ ನಿಂತು, ಫ್ಲ್ಯಾಶ್ ಹಾಕಿ ತೆಗೆದದ್ದು. ನೂಲಿನ ನೆರಳಿಲ್ಲ, ಮಣ್ಣಿನ ಉಬ್ಬಿಲ್ಲ, ಅಚ್ಚುಮೊಳೆ ಕಪ್ಪು ಚುಕ್ಕೆಯಂತೆ ಕಾಣುತ್ತಿತ್ತು. ದಿನವೂ ಮಕ್ಕಳಿಗೆ ಹೂಜಿಯ ನೆರಳು ಕಲಿಸುವ ನಾನು, ನನ್ನ ಕೃತಿಯ ನೆರಳನ್ನೇ ಅಳಿಸಿ ಕಳುಹಿಸಿದ್ದೆ. ಆಯ್ಕೆಯಾಗದಿದ್ದುದಕ್ಕೆ ಇದೇ ಕಾರಣ ಎಂದು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮತ್ತೆ ಆ ಖಾಲಿ ಜಾಗ ತುಂಬಿದಂತೆಯೇ. ಇವು ಹಲಗೆಯಲ್ಲಿ, ಫೋಟೋದಲ್ಲಿ ಕಣ್ಣಿಗೆ ಕಂಡ ದೋಷಗಳು. ಇವನ್ನು ಕೈಯಿಂದ ತಿದ್ದಬಹುದು. ನನಗೆ ಆ ದಿನ ಎಷ್ಟು ಹಗುರವೆನಿಸಿತು ಎಂದರೆ, ಬಹಳ ದಿನಗಳ ನಂತರ ಅವ್ವನೊಡನೆ ಹೊಟ್ಟೆ ತುಂಬ ಉಂಡೆ.

ಎದ್ದ ಮಣ್ಣನ್ನೆಲ್ಲ ಕೆರೆದು ತೆಗೆದೆ. ಈ ಸಲ ಎರೆಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಅರ್ಧದಷ್ಟು ಮಸಾರಿ ಎಂಬ ಕೆಂಪು ಮಣ್ಣನ್ನೂ ಸಣ್ಣ ಮರಳನ್ನೂ ಬೆರೆಸಿ, ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದನ್ನು ತೆಳುವಾಗಿ ಹಚ್ಚಿದೆ. ಹಾಸಿನ ನೂಲಿಗೆ ಹಾಕುವಂತೆ ಮಣ್ಣಿಗೂ ಗಂಜಿ ಹಾಕಿ ನೋಡು ಎಂದಳು ಅವ್ವ. ಗಂಜಿಯ ರುಚಿಗೆ ಹುಳ ಬರುತ್ತದೆ ಎಂಬ ಭಯ ನನಗೆ. ಪುಸ್ತಕ ಕಟ್ಟುವ ಕಾಕಾ ಒಬ್ಬರಿದ್ದಾರೆ, ಅವರನ್ನು ಕೇಳಿದೆ. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಮುಟ್ಟುವುದಿಲ್ಲ ಎಂದರು. ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಕುದಿಸಬಾರದು. ಸೀಸದ ಮೊಳೆ ಮುಟ್ಟಿದರೂ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಫೋಟೋವನ್ನು ಬೆಳಗಿನ ಎಂಟು ಗಂಟೆಗೆ, ಒಂದೇ ಕಿಟಕಿಯಿಂದ ಬರುವ ಅಡ್ಡ ಬೆಳಕಿನಲ್ಲಿ ತೆಗೆದೆ. ನೂಲಿನ ಒಂದೊಂದು ಎಳೆಯೂ ತನ್ನ ನೆರಳನ್ನು ಹಾಳೆಯ ಮೇಲೆ ಚಾಚಿತ್ತು.

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಕುರ್ಟ್ ಶ್ವಿಟರ್ಸ್ ಎಂಬ ಕಲಾವಿದರಿದ್ದರು. ಟ್ರಾಮಿನ ಟಿಕೆಟು, ಹರಿದ ಜಾಹೀರಾತು, ಕಟ್ಟಿಗೆಯ ಚೂರು ಆಯ್ದು ತಂದು ಕೃತಿ ಮಾಡುತ್ತಿದ್ದರು. ಕಲೆಯ ಹಳೆಯ ಕಟ್ಟಳೆಗಳನ್ನು ಧಿಕ್ಕರಿಸಿದ, 'ದಾದಾ' ಎಂದು ಕರೆದುಕೊಂಡ ಬರ್ಲಿನ್‌ನ ಕಲಾವಿದರ ಬಳಗ ಅವರನ್ನು ತನ್ನೊಳಗೆ ಸೇರಿಸಿಕೊಳ್ಳಲಿಲ್ಲ. ಅವರು ತಮ್ಮ ಕಲೆಗೆ ತಾವೇ ಹೆಸರಿಟ್ಟರು, 'ಮೆರ್ಟ್ಸ್' ಎಂದು. 1919ರ ಮಾತಿದು. ಆ ಹೆಸರಿಗೆ ಅರ್ಥವಿಲ್ಲ. ಅಚ್ಚಾದ ಜಾಹೀರಾತಿನ 'ಕೊಮೆರ್ಟ್ಸ್', ಅಂದರೆ ವಾಣಿಜ್ಯ, ಎಂಬ ಪದವನ್ನು ಕತ್ತರಿಸಿದಾಗ ಉಳಿದ ತುಣುಕು ಅದು. ಇದನ್ನು ಓದಿದ ದಿನ ನನ್ನ ರದ್ದಿ ಹಾಳೆಗಳನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದೆ.

ದೀಪಾವಳಿಯ ನಂತರ ಕಾಕಾ ಅವರ ಅಂಗಡಿಯ ಪಡಸಾಲೆಯಲ್ಲಿ ಆ ಹಲಗೆಯನ್ನು ಒಂದು ವಾರ ನಿಲ್ಲಿಸಿದೆ. ಹೋಗುವವರು ಬರುವವರು ನಿಂತು ನೋಡಿದರು. ನೇಕಾರರು ನೂಲು ಎಷ್ಟು ಸಣ್ಣದು ಎಂದು ತಿಳಿಸುವ ನಂಬರು ಹೇಳಿದರು. ಮೂರನೆಯ ದಿನ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಬಂದರು. ಮೊದಲು ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು. ಅಚ್ಚುಮೊಳೆಯ ಮೇಲೆ ಅಕ್ಷರ ತಿರುವಾಗಿರುತ್ತದೆ, ನಮಗೆ ಕನ್ನಡಿ ಬೇಕು. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಬಲದಿಂದ ಎಡಕ್ಕೆ ತುಟಿಯಾಡಿಸುತ್ತ ಓದತೊಡಗಿದರು. ನಾನು ಆ ಮೊಳೆಗಳನ್ನು ಅರ್ಥ ನೋಡಿ ಜೋಡಿಸಿರಲಿಲ್ಲ, ಆಕಾರ ನೋಡಿ ಇಟ್ಟಿದ್ದೆ. ಅವರು ಒಂದನ್ನೂ ಬಿಡದೆ ಓದಿದರು.

"ತಂಗಿ, ಇಲ್ಲೊಂದು ಒತ್ತಕ್ಷರ ತಲೆಕೆಳಗಾಗಿದೆ" ಎಂದರು. "ತಿರುಗಿಸಲೇ?"

ಮೊಳೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ಬಟ್ಟೆ ಒದ್ದೆ ಮಾಡಿ ಸುತ್ತಲಿನ ಮಣ್ಣನ್ನು ಮೆತ್ತಗಾಗಿಸಿದೆ. ಅವರು ಅಂಗಿಯ ಜೇಬಿನಿಂದ ಒಂದು ಹಳೆಯ ಚಿಮಟ ತೆಗೆದರು.