ಮೊದಲು ಮೊಬೈಲ್ ತನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಕೈಕೊಟ್ಟರೆ ಏನು ಮಾಡಬೇಕು ಎಂದು ಹೇಳಲು ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಮೂವತ್ತು ವರ್ಷ ಪಾಲಿಟೆಕ್ನಿಕ್ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸಿದವನು ನಾನು. ಅವರಿಗೆ ಹೇಳುತ್ತಿದ್ದುದನ್ನೇ ನಿಮಗೂ ಹೇಳುತ್ತೇನೆ. ಏನನ್ನೂ ಬಿಚ್ಚುವ ಮೊದಲು, ಯಾರನ್ನೂ ಕರೆಸುವ ಮೊದಲು, ಒಂದು ಮೊಬೈಲ್ ತಂದು ಲ್ಯಾಪ್‌ಟಾಪ್‌ನ ಪಕ್ಕದಲ್ಲಿಡಿ. ಅದರ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈ-ಫೈಗೆ ಜೋಡಿಸಿ, ಯಾವುದಾದರೂ ಸುದ್ದಿಯ ಪುಟ ತೆರೆಯಿರಿ.

ತೆರೆಯಿತೇ? ಹಾಗಾದರೆ ಮನೆಯಲ್ಲಿ ವೈ-ಫೈ ಹರಡುವ ಪೆಟ್ಟಿಗೆ, ಅಂದರೆ ರೂಟರ್, ಸರಿಯಿದೆ, ಬೀದಿಯಿಂದ ಬಂದ ತಂತಿಯೂ ಸರಿಯಿದೆ, ದೋಷ ಲ್ಯಾಪ್‌ಟಾಪ್‌ನದು. ತೆರೆಯಲಿಲ್ಲವೇ? ಲ್ಯಾಪ್‌ಟಾಪ್ ಮುಚ್ಚಿಟ್ಟು ರೂಟರ್ ಕಡೆಗೆ ನಡೆಯಿರಿ. ಡೇಟಾ ಆರಿಸುವುದನ್ನು ಮಾತ್ರ ಮರೆಯಬೇಡಿ. ಆರಿಸದಿದ್ದರೆ ವೈ-ಫೈ ಸತ್ತಿದ್ದರೂ ಮೊಬೈಲ್ ಸಿಮ್ಮಿನ ಇಂಟರ್ನೆಟ್‌ನಲ್ಲಿ ಪುಟ ತೆರೆದು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ತೀರ್ಥಹಳ್ಳಿಯ ಹತ್ತಿರ ನನ್ನ ಗೆಳೆಯರೊಬ್ಬರಿದ್ದಾರೆ, ಅಡಕೆ ಬೆಳೆಗಾರರು. ಒಂದು ಮಳೆಗಾಲದ ಸಂಜೆ ಫೋನ್ ಮಾಡಿದರು. ಮಗಳು ಸಿಇಟಿಯಲ್ಲಿ ಕಾಲೇಜುಗಳ ಆಯ್ಕೆ ದಾಖಲಿಸಲು ಎರಡೇ ದಿನ ಉಳಿದಿತ್ತು. ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಗುರುತು ಪೂರ್ತಿ ಬರುತ್ತಿದೆ, ಒಂದು ಪುಟವೂ ತೆರೆಯುತ್ತಿಲ್ಲ. ಪೇಟೆಗೆ ಹೋಗಿ ಹೊಸ ರೂಟರ್ ತಂದು ಹಾಕಿಸಿದ್ದೂ ಆಗಿತ್ತು. ಅದರಲ್ಲೂ ಅದೇ ಕಥೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಬೇಕು ಎಂದು ಯಾರೋ ಹೇಳಿದ್ದರು. ಬೆಳಗಿನ ಬಸ್ಸಿಗೆ ಲ್ಯಾಪ್‌ಟಾಪ್ ಹಿಡಿದು ಹೊರಡಲು ಸಿದ್ಧರಾಗಿದ್ದರು. ಹೊರಡಬೇಡಿ, ನಾನೇ ಬರುತ್ತೇನೆ ಎಂದೆ.

ಹೋದವನು ಜಗಲಿಯಲ್ಲಿ ಕುಳಿತು ಮೊದಲು ಮಾಡಿದ್ದು ಇದೇ ಪರೀಕ್ಷೆ. ಹುಡುಗಿಯ ಮೊಬೈಲ್‌ನಲ್ಲಿ ಡೇಟಾ ಆರಿಸಿ ಹಳೆಯ ರೂಟರ್‌ಗೆ ಜೋಡಿಸಿದೆ. ಪುಟ ತಟ್ಟನೆ ತೆರೆಯಿತು. ಅಂದರೆ ಹಳೆಯ ರೂಟರ್‌ನಲ್ಲಿ ದೋಷವೇ ಇರಲಿಲ್ಲ! ಹೊಸದಕ್ಕೆ ಕೊಟ್ಟ ಹಣ ನೆನೆದು ಈಗಲೂ ನನಗೆ ಸಂಕಟವಾಗುತ್ತದೆ. ಇನ್ನು ಲ್ಯಾಪ್‌ಟಾಪ್ ಕಡೆ ತಿರುಗಿದೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ದಿನಾಂಕ ನೋಡಿದರೆ 2016ರ ಜನವರಿ 1!

ಪಿಯುಸಿ ಓದಿಗೆ ಅಡ್ಡಿಯಾಗದಿರಲೆಂದು ಆ ಲ್ಯಾಪ್‌ಟಾಪನ್ನು ವರ್ಷವಿಡೀ ಬೀರುವಿನಲ್ಲಿಟ್ಟಿದ್ದರು. ಅದರೊಳಗೆ ಗಡಿಯಾರ ನಡೆಸುವ ಬಿಲ್ಲೆಯಂಥ ಸಣ್ಣ ಬ್ಯಾಟರಿ ಇತ್ತು. ಅದು ಖಾಲಿಯಾಗಿ ಗಡಿಯಾರ ಹಿಂದಕ್ಕೆ ಹೋಗಿತ್ತು. ಬ್ಯಾಂಕಿನದಾಗಲಿ ಸರ್ಕಾರದ್ದಾಗಲಿ, ಸುರಕ್ಷಿತ ಜಾಲತಾಣಕ್ಕೆ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿಯುಂಟು. ಲ್ಯಾಪ್‌ಟಾಪ್ ಅದನ್ನು ತನ್ನ ಗಡಿಯಾರದೊಂದಿಗೆ ಹೋಲಿಸುತ್ತದೆ. 2016ರಲ್ಲಿ ನಿಂತ ಯಂತ್ರಕ್ಕೆ ಈಚಿನ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಬಾಗಿಲು ತೆರೆಯುವುದಿಲ್ಲ. ಗಡಿಯಾರ ಹಿಂದಿದೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೇ ಇತ್ತು. ಗಾಬರಿಯಲ್ಲಿ ಯಾರೂ ಓದಿರಲಿಲ್ಲ. ದಯವಿಟ್ಟು ಓದಿ! ದಿನಾಂಕ ಸರಿಪಡಿಸಿದೆ, ಪುಟ ತೆರೆಯಿತು, ಹುಡುಗಿ ಅಲ್ಲೇ ಕುಳಿತು ಆಯ್ಕೆಗಳನ್ನೆಲ್ಲ ದಾಖಲಿಸಿದಳು. ಅವರ ಮನೆಯ ಕೆಸುವಿನ ಪತ್ರೊಡೆ ತಿಂದು ಬಂದೆ.

ಎದುರಿಗಿರುವ ಗಡಿಯಾರ ನನ್ನನ್ನು ಅವಸರಪಡಿಸುತ್ತಿದೆ. ಉಳಿದುದನ್ನು ಬೇಗ ಹೇಳಿಬಿಡುತ್ತೇನೆ. ಮೊಬೈಲ್‌ಗೆ ಬರುತ್ತದೆ, ಲ್ಯಾಪ್‌ಟಾಪ್‌ಗೆ ಬರುವುದಿಲ್ಲ ಎಂದಾದರೆ ಕೀಲಿಮಣೆಯಲ್ಲಿ ವಿಮಾನದ ಚಿತ್ರವಿರುವ ಗುಂಡಿ ತಿಳಿಯದೆ ಒತ್ತಿಹೋಗಿದೆಯೇ ನೋಡಿ. ವೈ-ಫೈ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಮತ್ತೆ ಹಾಕಿ. ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ಶಟ್‌ಡೌನ್ ಮಾಡಿದರೆ ಅದು ಸಾಮಾನ್ಯವಾಗಿ ಅರೆನಿದ್ರೆಯಷ್ಟೇ, ರೀಸ್ಟಾರ್ಟ್ ಮಾಡಿದಾಗಲೇ ಹೊಸದಾಗಿ ಏಳುತ್ತದೆ.

ರೂಟರ್ ಪಕ್ಕದಲ್ಲಿ ಎರಡಕ್ಕೂ ಬರುತ್ತದೆ, ಒಳಕೋಣೆಯಲ್ಲಿ ಎರಡಕ್ಕೂ ಬರುವುದಿಲ್ಲವೇ? ಅದು ಗೋಡೆಯ ತಂಟೆ. ಕರಾವಳಿಯ ಕೆಂಪುಕಲ್ಲಿನ ಮನೆಗಳವರು ಇದನ್ನು ಚೆನ್ನಾಗಿ ಬಲ್ಲರು. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಡಬೇಡಿ, ಎತ್ತರದಲ್ಲಿ ಬಯಲಾಗಿಡಿ. ವೈ-ಫೈ ಪಟ್ಟಿಯಲ್ಲಿ ನಿಮ್ಮ ರೂಟರ್‌ನದೇ ಎರಡು ಹೆಸರು ಕಂಡರೆ ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಅಲೆಯದನ್ನು ಆಯ್ದುಕೊಳ್ಳಿ. ಅದರ ವೇಗ ಕಡಿಮೆ, ಆದರೆ 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ಗೋಡೆ ದಾಟುತ್ತದೆ.

ಮೊಬೈಲ್‌ಗೂ ಎಲ್ಲಿಯೂ ಬರದಿದ್ದರೆ ರೂಟರ್‌ನ ಪ್ಲಗ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಹಾಕಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಗಾಜಿನ ಎಳೆಯಲ್ಲಿ ಇಂಟರ್ನೆಟ್ ಹೊತ್ತು ತರುವ ಬೆಳಕೇ ಮನೆಗೆ ತಲುಪುತ್ತಿಲ್ಲ. ಎಲ್ಲೋ ಕೊಂಬೆ ಬಿದ್ದು ಎಳೆ ತುಂಡಾಗಿರಬಹುದು. ಸಂಪರ್ಕ ಕೊಟ್ಟವರಿಗೆ ಆ ದೀಪದ ಹೆಸರು ಹೇಳಿ ದೂರು ಕೊಡಿ. ಹಿಂಬದಿಯ ಸಣ್ಣ ತೂತಿಗೆ ಮಾತ್ರ ಪಿನ್ ಚುಚ್ಚಬೇಡಿ. ಅವರು ಬರೆದಿಟ್ಟ ವ್ಯವಸ್ಥೆಯೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಎಳೆ ಕೂಡಿಸಿದರೂ ಇಂಟರ್ನೆಟ್ ಬಾರದಿರಬಹುದು. ನಮಸ್ಕಾರ.