ಕಾಲರಾದ ವಿಷ ಬಂದದ್ದು ಎಲ್ಲಿಂದ?

[ದೃಶ್ಯ: ಪಾತ್ರೆಯಲ್ಲಿ ಅಕ್ಕಿ ತೊಳೆಯುತ್ತಿರುವ ಕೈ. ನೀರು ಬೆಳ್ಳಗಾಗುತ್ತಿದೆ.]

ನಮಸ್ಕಾರ. ಈ ಅಕ್ಕಚ್ಚು ನೋಡಿ. ಕಾಲರಾ ಜೋರಾಗಿ ಹಿಡಿದವರ ಭೇದಿ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಹೋದಷ್ಟು ನೀರು, ಉಪ್ಪು ತಕ್ಷಣ ಮೈಗೆ ಸೇರದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಅಪಾಯ. ವಾಂತಿಭೇದಿ ಅಂದರೆ ನಮ್ಮ ಹಿರಿಯರು ನಡುಗುತ್ತಿದ್ದದ್ದು ಸುಮ್ನೆ ಅಲ್ಲ.

ಇದನ್ನು ತರುವುದು ವಿಬ್ರಿಯೋ ಕಾಲರೆ ಅನ್ನುವ ಬ್ಯಾಕ್ಟೀರಿಯಾ. ಆದರೆ ಈ ಜಾತಿಯ ಬಹುಪಾಲು ಬ್ಯಾಕ್ಟೀರಿಯಾಗಳು ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಸಿಗಡಿಯ ಬಳಗದ ಪುಟ್ಟ ಜೀವಿಗಳ ಮೈಗೆ ಅಂಟಿಕೊಂಡು ತಮ್ಮ ಪಾಡಿಗೆ ತಾವು ಇರುತ್ತವೆ. ಅವಕ್ಕೆ ಕಾಲರಾದ ವಿಷವೇ ಇಲ್ಲ. ಹಾಗಾದರೆ ಉಳಿದ ಕೆಲವಕ್ಕೆ ಅದು ಎಲ್ಲಿಂದ ಬಂತು?

[ದೃಶ್ಯ: ಕೋಲ್ಕತ್ತಾ, 1959.]

ಅಂಥದ್ದೊಂದು ವಿಷ ಇದೆ ಎಂದು ತೋರಿಸಿದವರು ಕೋಲ್ಕತ್ತಾದ ಶಂಭುನಾಥ್ ಡೇ. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಅವರು ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಸೋಸಿದರು. ಮೊಲದ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಆ ದ್ರವ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. ಇಷ್ಟು ಸರಳ, ಇಷ್ಟು ಗಟ್ಟಿ ಪ್ರಯೋಗ! ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

1996ರಲ್ಲಿ ಅಮೆರಿಕದ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಇನ್ನೊಂದು ಸಂಗತಿ ಕಂಡುಕೊಂಡರು. ಈ ವಿಷದ ಜೀನ್ ಬ್ಯಾಕ್ಟೀರಿಯಾದ್ದಲ್ಲ. ಅದರೊಳಗೆ ಬಂದು ಕೂತ ವೈರಸ್ಸಿನದು.

[ದೃಶ್ಯ: ಅನಿಮೇಷನ್. ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳು.]

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಬ್ಯಾಕ್ಟೀರಿಯಾಗಳನ್ನು ಹಿಡಿಯುವ ವೈರಸ್ಸಿಗೆ ಫೇಜ್ ಅಂತ ಹೆಸರು. ಈ ಫೇಜ್ ಸಿಟಿಎಕ್ಸ್ ಫೈ, ದಾರದ ಹಾಗೆ ಉದ್ದಕ್ಕಿದೆ. ನಮ್ಮ ಕರುಳಲ್ಲಿ ನೆಲೆ ನಿಲ್ಲಲು ಬ್ಯಾಕ್ಟೀರಿಯಾ ಮೈಮೇಲೆ ಸಣ್ಣ ಎಳೆಗಳನ್ನು ಬೆಳೆಸಿಕೊಳ್ಳುತ್ತದೆ. ಫೇಜ್ ಹಿಡಿದುಕೊಳ್ಳುವುದು ಅದೇ ಎಳೆಯನ್ನು. ಒಳಗೆ ಹೋದ ಮೇಲೆ ತನ್ನ ಡಿಎನ್ಎಯನ್ನು ಬ್ಯಾಕ್ಟೀರಿಯಾದ ಡಿಎನ್ಎಗೆ ಸೇರಿಸುತ್ತದೆ. ಆ ಹೊಲಿಗೆಗೆ ಬೇಕಾದ ಕಿಣ್ವಗಳೂ ಅದರವಲ್ಲ, ಬ್ಯಾಕ್ಟೀರಿಯಾದವೇ. ಕೋಶ ಎರಡಾಗುವಾಗ ಡಿಎನ್ಎ ಪ್ರತಿಗಳನ್ನು ಬಿಡಿಸಲು ಅವು ಬೇಕೇ ಬೇಕು, ಹಾಗಾಗಿ ಬ್ಯಾಕ್ಟೀರಿಯಾ ಅವನ್ನು ಬಿಟ್ಟುಬಿಡುವಂತಿಲ್ಲ. ಬ್ಯಾಕ್ಟೀರಿಯಾದ ಡಿಎನ್ಎಯಲ್ಲಿ ಸುಮಾರು 40 ಲಕ್ಷ ಅಕ್ಷರ. ಫೇಜಿನದು ಬರೀ 7 ಸಾವಿರದಷ್ಟು. ಆ 7 ಸಾವಿರವೇ ಅಳಿವೆಯ ಜೀವಿಯನ್ನು ಊರೂರಿಗೆ ಹಬ್ಬುವ ರೋಗ ಮಾಡಿತು.

ಎಷ್ಟೋ ಫೇಜ್‌ಗಳು ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತವೆ. ಇದು ಒಡೆಯುವುದಿಲ್ಲ. ವಿಷ ಯಾವ ಬಾಗಿಲಿಂದ ಹೊರಗೆ ಹೋಗುತ್ತದೋ ಅದೇ ಬಾಗಿಲಿಂದ ದಾರದ ಹಾಗೆ ಜಾರಿ ಹೋಗುತ್ತದೆ. ಇತ್ತ ಭೇದಿಯ ಜೊತೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ನೀರು ಸೇರುತ್ತವೆ, ಅವುಗಳ ಜೊತೆ ಫೇಜಿನ ಡಿಎನ್ಎಯೂ ಹೊಸ ಕರುಳು ಸೇರುತ್ತದೆ.

ಇದೊಂದೇ ಅಲ್ಲ. ಗಂಟಲಮಾರಿ ತರುವ ಬ್ಯಾಕ್ಟೀರಿಯಾದ ವಿಷವೂ ಫೇಜ್ ಕೊಟ್ಟದ್ದೇ, ಅದು 1951ರಲ್ಲೇ ಗೊತ್ತಾಗಿತ್ತು. ಲ್ಯಾಬುಗಳಲ್ಲಿ ಬೆಳೆಸುವ ಇ. ಕೋಲೈ ಕೆ-12 ಅನ್ನುವ ಬ್ಯಾಕ್ಟೀರಿಯಾದ ಡಿಎನ್ಎಯಲ್ಲಿ ಒಂಬತ್ತು ಹಳೆಯ ಫೇಜ್‌ಗಳಿವೆ. ಹೊರಬರುವ ಶಕ್ತಿ ಕಳೆದುಕೊಂಡಿವೆ. ಕಸ ಅಂದುಕೊಳ್ಳಬಹುದು, ಅಲ್ವಾ? 2010ರಲ್ಲಿ ಒಂಬತ್ತನ್ನೂ ತೆಗೆದು ನೋಡಿದರು. ಆ ಬ್ಯಾಕ್ಟೀರಿಯಾ ಆಮ್ಲ, ಕೆಲವು ಆ್ಯಂಟಿಬಯೋಟಿಕ್‌ಗಳ ಮುಂದೆ ಮೊದಲಿನಷ್ಟು ತಾಳಲಿಲ್ಲ.

[ದೃಶ್ಯ: ಬಾಂಗ್ಲಾದೇಶದ ನಕ್ಷೆ.]

ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್‌ಗಳೂ ಇವೆ. ಬಾಂಗ್ಲಾದೇಶದ ರೋಗಿಗಳ ಭೇದಿಯಲ್ಲಿ ಮತ್ತೆ ಮತ್ತೆ ಸಿಗುವ ಐಸಿಪಿ1 ಅಂಥದ್ದು. ಅದನ್ನು ತಡೆಯಲು ಕೆಲವು ಬ್ಯಾಕ್ಟೀರಿಯಾಗಳ ಬಳಿ ಪಿಎಲ್ಇ ಎಂಬ ಡಿಎನ್ಎ ತುಂಡಿದೆ. ಫೇಜ್ ಒಳಗೆ ಬಂದ ಕೂಡಲೇ ಅದು ಎಚ್ಚೆತ್ತು, ಫೇಜಿನ ಮರಿಗಳು ಹುಟ್ಟದ ಹಾಗೆ ಮಾಡುತ್ತದೆ. ಆ ಕೋಶ ಸಾಯುತ್ತದೆ, ಸುತ್ತಲಿನ ಬಳಗ ಉಳಿಯುತ್ತದೆ.

ಇದಕ್ಕೆ ಐಸಿಪಿ1 ಏನು ಮಾಡಿತು ಗೊತ್ತಾ? ಕ್ರಿಸ್ಪರ್ ಹೆಸರು ಕೇಳಿರುತ್ತೀರಿ. ಫೇಜ್‌ಗಳನ್ನು ಕತ್ತರಿಸಲು ಬ್ಯಾಕ್ಟೀರಿಯಾಗಳು ಬಳಸುವ ಕತ್ತರಿ ಅದು. 2013ರಲ್ಲಿ ನೋಡಿದರೆ ಇಡೀ ಕ್ರಿಸ್ಪರ್ ಈ ಫೇಜಿನ ಡಿಎನ್ಎಯಲ್ಲೇ ಇತ್ತು. ಅದು ಕತ್ತರಿಸುತ್ತಿದ್ದದ್ದು ಪಿಎಲ್ಇಯನ್ನು.