ಒಬ್ಬರ ಗೋಳು, ಸಾವಿರ ಜನರ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೊಟ್ಟ ವಿಷಯ ದೊಡ್ಡದು: ಅಮೆರಿಕದ ಸಾಮೂಹಿಕ ದಾವೆಗಳು, ಅಂದರೆ ಒಂದೇ ದೂರಿರುವ ಬಹಳ ಜನರ ಪರವಾಗಿ ಕೆಲವರು ಹೂಡುವ ದಾವೆಗಳು, ಮತ್ತು ನಾಗರಿಕ ಹಕ್ಕುಗಳು. ಕೊಟ್ಟ ಸಮಯ ಸಣ್ಣದು, ಅದರಲ್ಲೂ ಒಂದಷ್ಟು ಹಾರ, ಶಾಲುಗಳಿಗೆ ಹೋಯಿತು. ಹಾಗಾಗಿ ಇಂಥ ದಾವೆಗಳಿಗೆ ಅಲ್ಲಿರುವ ನಿಯಮ, ರೂಲ್ 23ರ ಪಾಠ ಮಾಡುವುದಿಲ್ಲ. ನೀವು ಕಾನೂನು ಓದುವವರು, ನಿಮಗೆ ಗೊತ್ತಿದೆ. ನನಗೆ ಇಷ್ಟವಾದ ಒಂದು ಕೇಸು ಹೇಳುತ್ತೇನೆ. ವಾಲ್‌ಮಾರ್ಟ್ ಅಂಗಡಿ ಸರಣಿಯ ಕೇಸು ಅಲ್ಲ, ಅದು ಕೊನೆಗೆ. ಇದು ಕೀಪ್ಸ್‌ಈಗಲ್ ಕೇಸು.

ನಾರ್ತ್ ಡಕೋಟಾದ ಸ್ಟ್ಯಾಂಡಿಂಗ್ ರಾಕ್ ಮೂಲನಿವಾಸಿಗಳ ಪ್ರದೇಶ. ಅಲ್ಲಿ ಜಾರ್ಜ್ ಮತ್ತು ಮೆರಿಲಿನ್ ಕೀಪ್ಸ್‌ಈಗಲ್ ದಂಪತಿ ದನ ಸಾಕುತ್ತಿದ್ದರು. ಅವರ ದೂರು ಇಷ್ಟೇ: ಪಕ್ಕದ ಬಿಳಿಯ ರೈತನಿಗೆ ಸಿಗುವ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಸಾಲ ನಮಗೆ ಸಿಗುತ್ತಿಲ್ಲ. ಬೇರೆ ಮೂಲನಿವಾಸಿ ರೈತರದ್ದೂ ಇದೇ ಕಥೆ. ಒಬ್ಬರಿಗೆ ಅರ್ಜಿಯೇ ಕೊಡುವುದಿಲ್ಲ. ಇನ್ನೊಬ್ಬರಿಗೆ ದುಡ್ಡು ಮುಗಿದಿದೆ ಅನ್ನುತ್ತಾರೆ. ಮತ್ತೊಬ್ಬರಿಗೆ ಸಾಲ ಬರುತ್ತದೆ, ಬಿತ್ತನೆ ಮುಗಿದ ಮೇಲೆ! ನಮ್ಮ ಊರುಗಳಲ್ಲಿ ದೆವ್ವ ಓಡಿಸಲು ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ವಾ, ಆ ಇಲಾಖೆಯವರು ಅದನ್ನು ರೈತರ ಮೇಲೆ ಪ್ರಯೋಗಿಸಿದ್ದರು.

ಕಾರಣ ಕೇಳಿದರೆ? ಸಾಲದ ವಿಷಯದಲ್ಲಿ ಸ್ಥಳೀಯ ರೈತರೇ ಚುನಾಯಿಸಿದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸಮಿತಿಗಳ ಮಾತು ನಡೆಯುತ್ತಿತ್ತು. ಅಲ್ಲಿ ಯಾರು ಜಾಸ್ತಿ ಕೂತಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಸರಿ, ವಾಷಿಂಗ್ಟನ್ನಿಗೆ ದೂರು ಬರೆಯೋಣ ಅಂದರೆ, ಇಲಾಖೆಯಲ್ಲಿ ಇಂಥ ದೂರುಗಳನ್ನು ತನಿಖೆ ಮಾಡುವ ವಿಭಾಗವನ್ನೇ 1983ರಲ್ಲಿ ಕಳಚಿ ಹಾಕಿದ್ದರು. ಪತ್ರಗಳು ಹೋಗುತ್ತಿದ್ದವು, ಅಲ್ಲೇ ಬೀಳುತ್ತಿದ್ದವು. ಕಾಲಮಿತಿ ಮಾತ್ರ ಓಡುತ್ತಿತ್ತು. ಸಾಲದ ತಾರತಮ್ಯಕ್ಕೆ ದಾವೆ ಹೂಡಲು ಆಗ ಇದ್ದದ್ದು ಎರಡೇ ವರ್ಷ. ಕಪ್ಪು ರೈತರು 1997ರಲ್ಲಿ ಇದೇ ದೂರಿನ ಪಿಗ್‌ಫೋರ್ಡ್ ಕೇಸು ಹಾಕಿ ಗಲಾಟೆ ಎಬ್ಬಿಸಿದರು. 1998ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸು, ಮೊದಲೇ ದೂರು ಕೊಟ್ಟಿದ್ದವರಿಗೆ ಆ ಮಿತಿಯನ್ನು ಸಡಿಲಿಸಿತು. ಬಾಗಿಲು ತೆರೆದದ್ದು ಆಗ.

1999ರ ನವೆಂಬರಿನಲ್ಲಿ ಕೀಪ್ಸ್‌ಈಗಲ್ ದಾವೆ ಬಿತ್ತು. ಮುಂದೆ ನಿಂತದ್ದು ವಾಷಿಂಗ್ಟನ್ನಿನ ಕೋಹೆನ್ ಮಿಲ್‌ಸ್ಟೀನ್ ಎಂಬ ವಕೀಲರ ಸಂಸ್ಥೆ, ಅದರ ಜೋಸೆಫ್ ಸೆಲ್ಲರ್ಸ್. ಇಲ್ಲಿ ನನ್ನ ಹಳೇ ವಾದ ಬರುತ್ತದೆ, ನನ್ನ ವಿದ್ಯಾರ್ಥಿಗಳು ಕ್ಷಮಿಸಬೇಕು. ಒಬ್ಬ ರೈತ ಹೋಗಿ 'ನನಗೆ ಸಾಲ ಕೊಡಲಿಲ್ಲ' ಅಂದರೆ ಅದು ಗೋಳು. ಅಧಿಕಾರಿ ಹತ್ತು ಕಾರಣ ಹೇಳುತ್ತಾನೆ: ಕಾಗದ ಸರಿಯಿಲ್ಲ, ಹಳೇ ಸಾಲ ಇದೆ. ಸಾವಿರಾರು ಜನರ ಸಾಲದ ದಾಖಲೆ ಒಟ್ಟಿಗೆ ಇಟ್ಟರೆ ಅದು ಲೆಕ್ಕ. ಅದಕ್ಕೆ ಕಾಗದ ಸರಿಯಿಲ್ಲ ಅನ್ನಲು ಆಗುವುದಿಲ್ಲ. ರೈತರ ಪರ ತಜ್ಞರು ಹಾಕಿದ ನಷ್ಟದ ಅಂದಾಜು 776 ಮಿಲಿಯನ್ ಡಾಲರ್. 2010ರ ಅಕ್ಟೋಬರಿನಲ್ಲಿ ಸರ್ಕಾರ ಒಪ್ಪಿದ್ದು 680 ಮಿಲಿಯನ್ ಪರಿಹಾರ, 80 ಮಿಲಿಯನ್ ಸಾಲ ಮನ್ನಾ. ಹನ್ನೊಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಖರ್ಚೆಲ್ಲ ವಕೀಲರ ತಲೆ ಮೇಲೆ. ಗೆದ್ದ ಮೇಲೆ ಫೀಸು ಬಂತು, 60.8 ಮಿಲಿಯನ್. ಕೆಲವರು ಮುಖ ಸಿಂಡರಿಸುತ್ತಿದ್ದೀರಿ. ಒಟ್ಟು ಮೊತ್ತದ ಶೇಕಡ 8, ಅಷ್ಟೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಒಪ್ಪಂದದ ಹಣದಲ್ಲಿ ಪಾಲು ಕೇಳಿ ರೈತರು ಹಾಕಿದ ಅರ್ಜಿಗಳಲ್ಲಿ ಗೆದ್ದದ್ದು ಸುಮಾರು 3,600 ಮಾತ್ರ. 380 ಮಿಲಿಯನ್ ಉಳಿಯಿತು! ಒಪ್ಪಂದದ ಪ್ರಕಾರ ಅದು ಸೇವಾ ಸಂಸ್ಥೆಗಳಿಗೆ ಹೋಗಬೇಕು. ಆಗ ಎದ್ದು ನಿಂತವರು ಯಾರು? ಮೆರಿಲಿನ್. ದುಡ್ಡು ರೈತರಿಗೇ ಹೋಗಲಿ ಅಂತ ತಮ್ಮದೇ ವಕೀಲರ ಎದುರು ನಿಂತರು. ಕೊನೆಗೆ ಗೆದ್ದ ಪ್ರತಿಯೊಬ್ಬ ಅರ್ಜಿದಾರರಿಗೆ ಇನ್ನೂ 18,500 ಡಾಲರ್ ಸಿಕ್ಕಿತು. ತೆರಿಗೆಗೂ ಒಂದಿಷ್ಟು ಕೊಟ್ಟರು. 266 ಮಿಲಿಯನ್ ಮೂಲನಿವಾಸಿಗಳ ಕೃಷಿ ನಿಧಿಗೆ ಹೋಯಿತು.

ಈ ಜಗಳವೇ ನನಗೆ ಇಷ್ಟ. ಒಪ್ಪಂದ ನ್ಯಾಯವಾಗಿದೆಯೇ ಅಂತ ಅಮೆರಿಕದಲ್ಲಿ ನ್ಯಾಯಾಧೀಶರು ಕೇಳಲೇಬೇಕು, ಗುಂಪಿನಲ್ಲಿರುವವರು ಬೇಡ ಅನ್ನಬಹುದು. ನಮ್ಮ ಭೋಪಾಲ್ ಅನಿಲ ದುರಂತ ನೆನಪಿಸಿಕೊಳ್ಳಿ. 1985ರ ಕಾಯ್ದೆಯಿಂದ ಸಂತ್ರಸ್ತರ ಪರ ಸರ್ಕಾರವೇ ವಾದಿಯಾಯಿತು. 1989ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಜೊತೆ 470 ಮಿಲಿಯನ್ ಡಾಲರ್‌ಗೆ ಕೈ ಕುಲುಕಿತು. ಅನಿಲ ಕುಡಿದವರನ್ನು ಒಂದು ಮಾತು ಕೇಳಲಿಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ಓಡುತ್ತೇನೆ.

ವಾಲ್‌ಮಾರ್ಟ್. ಸುಮಾರು 15 ಲಕ್ಷ ಮಹಿಳಾ ನೌಕರರು, ಸಂಬಳ ಮತ್ತು ಬಡ್ತಿಯಲ್ಲಿ ತಾರತಮ್ಯದ ದೂರು. ಇದರಲ್ಲೂ ಸೆಲ್ಲರ್ಸ್ ಇದ್ದರು, ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರೂ ಅವರೇ. 2011ರಲ್ಲಿ ಸೋತರು. ಇವರನ್ನೆಲ್ಲ ಕಟ್ಟುವ ಸಮಾನ ಪ್ರಶ್ನೆ ಇಲ್ಲ ಅಂದರು ಐವರು ನ್ಯಾಯಮೂರ್ತಿಗಳು. ನಾಲ್ವರು ಒಪ್ಪಲಿಲ್ಲ. ಅಂದರೆ ಲೆಕ್ಕವನ್ನು ಮತ್ತೆ ಬಿಡಿಸಿ ಗೋಳು ಮಾಡಿದರು. ನೋಡಿ, ಮತ್ತೆ ಅಲ್ಲಿಗೇ ಬಂದೆ.

ನಮ್ಮಲ್ಲಿ ಏನಿದೆ ಅನ್ನುವುದು ಮೂರನೇ ಅಂಶವಾಗಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆರ್ಡರ್ 1 ರೂಲ್ 8 ಇದೆ, ಹಲವರ ಪರವಾಗಿ ಒಬ್ಬರು ದಾವೆ ಹೂಡಲು ಬಿಡುವ ನಿಯಮ, 1908ರಿಂದ ಇದೆ. ಆದರೆ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ. ಕರ್ನಾಟಕದಲ್ಲಿ ಕೇಳುವ ಪರಿಹಾರ ಹೆಚ್ಚಾದಂತೆ ಕೋರ್ಟ್ ಶುಲ್ಕವೂ ಏರುತ್ತದೆ. ಹನ್ನೊಂದು ವರ್ಷ ಖರ್ಚು ಹಾಕಿ ಕಾಯುವವರು ಯಾರು? ಇದಕ್ಕೆ ಉತ್ತರ ಹೇಳಲು ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ. ಬೇಕಾದವರು ಊಟದ ಹೊತ್ತಿಗೆ ಕೇಳಿ, ಅಲ್ಲಿ ಚೀಟಿ ಬರುವುದಿಲ್ಲ.